ಮುದುಡನ ತೂಕ

ಹೂಂ ಅನ್ನಿ, ಹೇಳುತ್ತೇನೆ. ಹೂಂಗುಟ್ಟುವವರಿಲ್ಲದೆ ನಮ್ಮಜ್ಜಿಯ ಕಥೆ ಹೊಸ್ತಿಲು ದಾಟುತ್ತಿರಲಿಲ್ಲ. ಯಾರೂ ಕಾಲಿಡದ ಒಂದು ಕಾಡಿನಲ್ಲಿ ಮುದುಡ ಅಂತ ಒಂದು ಪ್ರಾಣಿಯಿತ್ತಂತೆ. ಮೈತುಂಬ ಚಿಪ್ಪು, ಮೊರದಗಲ ಕಿವಿ, ಹೆದರಿದರೆ ಚೆಂಡಿನ ಹಾಗೆ ಮುದುಡಿಕೊಳ್ಳುವ ಬುದ್ಧಿ. ಆ ಕಾಡು ಇರುವುದು ನನ್ನ ಮೇಜಿನ ಮೇಲಿನ ಪರದೆಯಲ್ಲಿ.

ನಮ್ಮದು ಪ್ರಾಣಿಗಳನ್ನು ಕಾದಾಡಿಸುವ ವಿಡಿಯೋ ಗೇಮ್ ಮಾಡುವ ಸಣ್ಣ ಕಂಪನಿ. ಹೊಸ ಪ್ರಾಣಿ ಬಂದರೆ ಅದರ ತೂಕ ಹಾಕುವುದು ನನ್ನ ಕೆಲಸ. ಅಂದರೆ ಬೇರೆ ಪ್ರಾಣಿಗಳ ಜೊತೆ ನೂರು ಕಾಳಗ ಆಡಿಸಿ, ಎಷ್ಟು ಗೆದ್ದಿತೆಂದು ನೋಡಿ, ಬಲಿಷ್ಠವೋ ಮಧ್ಯಮವೋ ದುರ್ಬಲವೋ ಒಂದು ಪದ ಬರೆಯುವುದು. ಮೂವತ್ತಕ್ಕಿಂತ ಕಡಿಮೆ ಗೆದ್ದರೆ ದುರ್ಬಲ. ಅದಕ್ಕೆ ಆಟದಲ್ಲಿ ಜಾಗವಿಲ್ಲ.

ಮುದುಡನನ್ನು ಬಿಡಿಸಿದವಳು ಪಕ್ಕದ ಮೇಜಿನ ಚಿತ್ರದಕ್ಕ. ಅವಳ ಹಿಂದಿನ ಮೂರು ಪ್ರಾಣಿಗಳನ್ನು ಹೊರಗೆ ದಬ್ಬಿದ್ದು ನಾನು ಬರೆದ ಪದವೇ. ಇದೂ ಹೋದರೆ ಇನ್ನು ಮುಂದೆ ಕಲ್ಲು, ಪೊದೆ ಬಿಡಿಸಿಕೊಂಡಿರು ಅಂತ ಯಜಮಾನರು ಅವಳಿಗೆ ಹೇಳಿಯಾಗಿತ್ತು. ಐದು ಗಂಟೆಗೆ ತೂಕ ಹೇಳುತ್ತೇನೆಂದು ನಾನು ಅವರಿಗೆ ಮಾತು ಕೊಟ್ಟಿದ್ದೆ.

ಊಟದ ಹೊತ್ತಿಗೆ ನೂರು ಕಾಳಗ ಮುಗಿದವು. ಗೆದ್ದದ್ದು ಹನ್ನೊಂದು. ಕಣ್ಣು ಉರಿಯುತ್ತಿತ್ತು, ಹೆಬ್ಬೆರಳು ಮರಗಟ್ಟಿತ್ತು. ಅಜ್ಜಿಯ ಕಥೆಯ ರಾಕ್ಷಸರಿಗೂ ಮಧ್ಯಾಹ್ನ ಒಂದು ಜೊಂಪು ಸಿಗುತ್ತಿತ್ತು. ನನ್ನ ಪ್ರಾಣಿಗಳಿಗೂ ನನಗೂ ಅದಿಲ್ಲ.

ಚಿತ್ರದಕ್ಕ ಎಷ್ಟು ಅಂತ ಕೇಳಲಿಲ್ಲ. ನನ್ನ ಮುಖ ನೋಡಿ, ಕಲ್ಲಿಗಾದರೂ ಕಿವಿ ಬಿಡಿಸಲು ಬಿಡುತ್ತಾರೋ ಇಲ್ಲವೋ ಅಂದಳು. ನಗಲು ತ್ರಾಣವಿರಲಿಲ್ಲ. ಒಂದು ಸಲ ನೀನೇ ನೋಡು ಬಾ ಅಂದೆ. ಕುರ್ಚಿ ಎಳೆದುಕೊಂಡು ಬಂದಳು. ಮುದುಡ ಒಂದು ಏಟು ತಿಂದು ಉರುಳಿ ಬಿದ್ದ. ಎದುರಾಳಿಯ ತಲೆಯ ಮೇಲೆ ಕೆಂಪಗೆ ‘೭’ ಅಂತ ಮೂಡಿ ಮಾಯವಾಯಿತು.

"ಅದೇನೇ ಅದು?"

"ನೀನೇ ಕೊಟ್ಟ ಶಕ್ತಿ ಅಲ್ವಾ ಅಕ್ಕ? ಇವನು ಬಿದ್ದರೆ ಎದುರಾಳಿಗೆ ಏಳು ಪೆಟ್ಟು."

ಅವಳು ಹಣೆ ಚಚ್ಚಿಕೊಂಡಳು.

"ಬಿದ್ದ ಮೇಲೆ ಏಳು ಅಂತ ಬರೆದಿದ್ದೆ ಕಣೇ. ಏಳೋದು. ಎದ್ದು ನಿಲ್ಲೋದು."

ಕೋಡ್ ಬರೆಯುವ ಕೋಡಣ್ಣನನ್ನು ಕರೆದೆವು. ಚಿತ್ರದ ಅಂಚಿನಲ್ಲಿದ್ದ ಪದವನ್ನು ಅವನು ಎರಡು ಸಲ ಓದಿ, ಅಂಕಿ ಬರೆಯುವ ಜಾಗದಲ್ಲಿ ಇವಳು ಮಗು ಎಬ್ಬಿಸುತ್ತಾ ಕೂತರೆ ತಾನೇನು ಮಾಡಬೇಕು ಅಂತ ಗೊಣಗಿದ. ಆದರೂ ಹತ್ತೇ ನಿಮಿಷದಲ್ಲಿ ಸರಿಮಾಡಿಕೊಟ್ಟ. ಈಗ ಮುದುಡ ಒಂದು ಸಲ ಬಿದ್ದರೆ ಏಳಬಲ್ಲ; ಇನ್ನೊಮ್ಮೆ ಬಿದ್ದರೆ ಇಲ್ಲ.

ಹಳೆಯ ನೂರೂ ನೀರಿನಲ್ಲಿ ಹೋಮ. ಮತ್ತೆ ಮೊದಲಿನಿಂದ. ಐದಾಯಿತು, ಯಜಮಾನರು ಬಾಗಿಲಲ್ಲಿ ನಿಂತು ಗಡಿಯಾರ ನೋಡಿದರು, ಆರೂವರೆಯವರೆಗೆ ಸಮಯ ಕೊಟ್ಟರು. ನಲವತ್ತು ಕಾಳಗ ಕಳೆದರೂ ಗೆಲುವು ಹತ್ತು ದಾಟಿರಲಿಲ್ಲ. ಸುಲಭದ ಎದುರಾಳಿಗಳನ್ನು ಆರಿಸಿಕೊಳ್ಳಲೇ ಅಂತ ಮೆಲ್ಲಗೆ ಕೇಳಿದೆ.

"ಬೇಡ," ಅಂದಳು ಚಿತ್ರದಕ್ಕ. "ಕಳ್ಳತೂಕ ಬೇಡ. ಕಲ್ಲೇ ಬಿಡಿಸ್ತೀನಿ."

ಮುದುಡ ಬಿದ್ದ, ಎದ್ದ, ಮತ್ತೆ ಬಿದ್ದ. ಕೆಲವೊಮ್ಮೆ ಎದುರಾಳಿಯೇ ದಣಿದು ಮೊದಲು ಕುಸಿಯಿತು. ನೂರನೆಯ ಕಾಳಗವನ್ನೂ ಅವನು ಸೋತ. ಗೆಲುವುಗಳನ್ನು ಅಕ್ಕ ಬೆರಳು ಮಡಿಚಿ ಎಣಿಸಿದಳು, ನಾನು ಪಟ್ಟಿಯಲ್ಲಿ ಎಣಿಸಿದೆ. ಮೂವತ್ನಾಲ್ಕು.

‘ಮಧ್ಯಮ’ ಅಂತ ಬರೆದು ಯಜಮಾನರಿಗೆ ಕಳಿಸಿದೆ.