ಉಪ್ಪು ತುಂಬಿದ ಲೋಟ

"ಮೊದಲು ನೀವ ಹಾಕ್ರಿ ಅಕ್ಕೋರ" ಎಂದು ಕುಣಿ ತೋಡಿದ ಭರಮಪ್ಪ ಶೈಲಜಾಳ ಮುಂದೆ ಉಪ್ಪಿನ ಚೀಲದ ಬಾಯಿ ಬಿಚ್ಚಿದ. ಸಮಾಧಿಯ ಕುಣಿಯೊಳಗೆ ತೀರಿಹೋದ ಮಹಾಂತಪ್ಪ ಮಾಸ್ತರರು ಹಣೆತುಂಬ ವಿಭೂತಿ ಹೊತ್ತು, ಪಾಠ ಕೇಳುವ ಹುಡುಗನಂತೆ ಕಾಲು ಮಡಿಚಿ ಕುಳಿತಿದ್ದರು. ಸುತ್ತಲೂ ಉಪ್ಪು ಸುರಿದ ಮೇಲೆಯೇ ಮಣ್ಣು ಎಳೆಯುವುದು.

"ಉಪ್ಪಿನ ಮಾಸ್ತರಗ ಉಪ್ಪು ಕಡಿಮಿ ಮಾಡಬ್ಯಾಡ್ರಿ" ಎಂದರು ಯಾರೋ. ಅಳುತ್ತಿದ್ದವರೂ ನಕ್ಕರು.

ಶೈಲಜಾ ನಗಲಿಲ್ಲ. ಒಂದೇ ಸಾಲೆಯಲ್ಲಿ ಹನ್ನೆರಡು ವರ್ಷ ಅವರ ಜೊತೆ ಕಲಿಸಿದವಳು. ಆ ಹೆಸರು ಬಂದದ್ದು ತನ್ನ ಪಾಠದಿಂದ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡಳು. ಸತ್ತವರ ಮುಂದೆ ಎಂಥ ಜಗಳ? ಸುದ್ದಿಯಲ್ಲಿ ತನ್ನ ಹೆಸರು ಬಿಟ್ಟವರು ಪೇಪರಿನವರು, ಮಾಸ್ತರರಲ್ಲ. ನಾಲ್ಕು ವರ್ಷ ಹೀಗೇ ನಂಬಿಕೊಂಡು ಬಂದಿದ್ದಳು.

*

ನಾಲ್ಕು ವರ್ಷದ ಹಿಂದೆ, ನಾಲ್ಕನೆಯ ಈಯತ್ತೆಯ ಮಕ್ಕಳ ಪಾಠಕ್ಕೆಂದು ಮನೆಯಿಂದ ಆರು ಸ್ಟೀಲ್ ಲೋಟ ತಂದಿದ್ದಳು. ಮದುವೆಯಲ್ಲಿ ಅವ್ವ ಅವಳ ಹೆಸರು ಹಾಕಿಸಿ ಕೊಟ್ಟವು. ನೀರು ತುಂಬಿ, ಎರಡರಲ್ಲಿ ಉಪ್ಪು, ಎರಡರಲ್ಲಿ ಸಕ್ಕರೆ, ಎರಡರಲ್ಲಿ ಉಸುಕು ಹಾಕಿ ಕಲಕಿದಳು.

"ಉಪ್ಪು ಎಲ್ಲಿ ಹೋತು?"

"ಸತ್ತಹೋತ್ರಿ" ಎಂದಳು ಪುಟ್ಟ ನೀಲಾ.

"ನೆಕ್ಕಿ ನೋಡು."

ನೀಲಾ ಮುಖ ಕಿವುಚಿದಳು. "ಐತ್ರಿ! ಇಲ್ಲೇ ಐತಿ!"

ಉಸುಕು ಮಾತ್ರ ಎಷ್ಟು ಕಲಕಿದರೂ ಮತ್ತೆ ತಳ ಹಿಡಿದು ಕೂರುತ್ತಿತ್ತು.

ಬಾಗಿಲಲ್ಲಿ ನಿಂತಿದ್ದ ಮಾಸ್ತರರ ಕಣ್ಣು ತುಂಬಿದ್ದವು. "ಎಂಥಾ ಪಾಠ ಮಾಡಿದಿ ತಂಗಿ! ಬೆಳಗಾವಿ ವಿಜ್ಞಾನ ಪ್ರದರ್ಶನಕ್ಕ ಲೋಟಾ ಸಹಿತ ನಾ ಒಯ್ತೇನಿ. ಕೂಸಿನ ಕಟಗೊಂಡು ನೀ ಎಲ್ಲಿ ಅಡ್ಡಾಡ್ತಿ? ನಿನ್ನ ಹೆಸರು ಹೇಳೇ ತೋರಸ್ತೇನಿ."

ಶಾಲು, ಪ್ರಶಸ್ತಿ, ಪೇಪರಿನ ಫೋಟೊ ಎಲ್ಲ ಅವರಿಗೇ ಬಂತು. ಲೋಟಗಳು ಮರಳಿ ಬರಲಿಲ್ಲ. "ಗದ್ದಲದಾಗ ಕಳದ್ವು ತಂಗಿ" ಎಂದರು. ಮತ್ತೆ ಕೇಳುವುದು ಸಣ್ಣತನವೆನಿಸಿತು.

*

"ಕೈಲೆ ಬ್ಯಾಡ್ರಿ, ಇದರಾಗ ಹಾಕ್ರಿ" ಎಂದು ಕುಣಿಯ ದಂಡೆಯಲ್ಲಿದ್ದ ಮಾಸ್ತರರ ಹೆಂಡತಿ ಗುರವ್ವ ಸೆರಗಿನ ಮರೆಯಿಂದ ಒಂದು ಸ್ಟೀಲ್ ಲೋಟ ತೆಗೆದು ಶೈಲಜಾಳ ಕೈಗಿತ್ತಳು. "ಪ್ರದರ್ಶನದ ಲೋಟಾರಿ. ಆರೂ ಕಪಾಟಿನ್ಯಾಗ ಇಟ್ಟಿದ್ರು. ಯಾರಿಗೂ ಮುಟ್ಟಗೊಡ್ತಿದ್ದಿಲ್ಲ."

ಶೈಲಜಾಳ ಹೆಬ್ಬೆರಳಿಗೆ ಒಂದು ಒರಟು ಜಾಗ ಸಿಕ್ಕಿತು. ಅವ್ವ ಹೆಸರು ಹಾಕಿಸಿದ್ದ ಜಾಗ. ಅದರ ತುಂಬ ಅರದಿಂದ ಉಜ್ಜಿದ ಗೀರುಗಳು.

ಅಂದರೆ ಹೆಸರು ಬಿಟ್ಟವರು ಪೇಪರಿನವರಲ್ಲ. ಪ್ರದರ್ಶನಕ್ಕೆ ಹೋಗುವ ಮೊದಲೇ ಮಾಸ್ತರರು ಸಾವಕಾಶ ಕೂತು, ಒಂದೊಂದನ್ನೇ ಕೈಯಲ್ಲಿ ಹಿಡಿದು, ಆರು ಸಲ ಉಜ್ಜಿರಬೇಕು. ಇವರನ್ನು ಅಣ್ಣಾ ಎಂದು ಕರೆದಿದ್ದಳಲ್ಲ!

ಲೋಟವನ್ನು ಚೀಲದ ಆಳಕ್ಕೆ ಇಳಿಸಿ ತುಂಬಿದಳು. ಕುಣಿಗೆ ಸುರಿದಳು. ಉಪ್ಪು ಮಾಸ್ತರರ ಹೆಗಲ ಮೇಲಿಂದ ಜಾರಿ ಮಡಿಲಿಗೆ ಬಿತ್ತು.

"ಲೋಟಾ ಇತ್ತ ಕೊಡ್ರಿ ಅಕ್ಕೋರ" ಎಂದು ಗುರವ್ವ ಕೈ ಚಾಚಿದಳು. "ಅವರ ನೆನಪದು."

ಶೈಲಜಾ ಕೊಡಲಿಲ್ಲ. ಅವಳ ಕೈಬೆವರಿಗೆ ಉಪ್ಪಿನ ಹಿಟ್ಟು ಅಂಟಿ, ಗೀರುಗಳ ಕೆಳಗೆ ಉಳಿದಿದ್ದ ಹೆಸರಿನ ಚುಕ್ಕಿಗಳು ಬೆಳ್ಳಗೆ ಎದ್ದಿದ್ದವು. ಶೈಲ, ಅರ್ಧ ಜಾ. ಲೋಟವನ್ನು ಆ ಮಗ್ಗುಲಿಗೆ ತಿರುಗಿಸಿ ಗುರವ್ವನ ಕಣ್ಣೆದುರು ಹಿಡಿದಳು.

ಗುರವ್ವ ಅಕ್ಷರ ಕೂಡಿಸಿ ಓದಿದಳು. ಚಾಚಿದ ಕೈ ಕುಣಿಯ ಮೇಲೆ ಹಾಗೆಯೇ ನಿಂತಿತು.