ಸ್ಯಾಕ್ಸೊಫೋನಿಗೆ ಬಿಟ್ಟ ಜಾಗ

ಸುಧಾ ಅಪ್ಪನ ತಲೆಯ ಕೆಳಗೆ ಕೈ ತೂರಿಸಿ ನೋಟುಬುಕ್ಕನ್ನು ಎಳೆದುಕೊಂಡಳು. ಚಟ್ಟ ಅಲುಗಿತು.

“ಏನ್ ಮಾಡ್ತೀಯವ್ವಾ?” ಎಂದರು ಬ್ಯಾಂಡ್‌ಸೆಟ್ಟಿನ ಮೇಸ್ತ್ರಿ ನಾಗರಾಜಪ್ಪ. “ನಿಮ್ಮಪ್ಪ ಹುಲಿಯಪ್ಪನ ಜೀವ ಅದು. ಅವನ ಜೊತೆಗೇ ಮಣ್ಣಾಗ್ಲಿ ಅಂತ ನಾನೇ ಇಟ್ಟಿದ್ದೆ.”

“ಇದು ಮಣ್ಣಾದ್ರೆ ಇದ್ರಾಗಿಂದು ನುಡಿಸೋ ಕೆಲ್ಸ ತಪ್ತೈತೆ ಅಂತಾನಾ ಕಾಕಾ?”

ವಿನೋಬನಗರದ ಆ ಓಣಿಯಲ್ಲಿ ಅಳುತ್ತಿದ್ದವರೂ ತಲೆಯೆತ್ತಿ ನೋಡಿದರು. ಸೋದರತ್ತೆ ಉಚ್ಚೆಂಗೆಮ್ಮ ಗದರಿದಳು: “ಹೆಣದ ಮುಂದೆ ಜಗಳ ಬ್ಯಾಡ ಬಿಡು.”

“ಅಪ್ಪ ಬದುಕಿದ್ದಾಗ ಜಗಳ ಮಾಡ್ಲಿಲ್ಲತ್ತೆ. ಅದೇ ತಪ್ಪಾತು.”

*

ಹನ್ನೊಂದು ವರ್ಷ ಹುಲಿಯಪ್ಪ ಆ ಬುಕ್ಕಿನಲ್ಲಿ ಒಂದೇ ಕೃತಿ ಬರೆದ. ಮದುವೆ ಮೆರವಣಿಗೆಯಲ್ಲಿ ಸ್ಯಾಕ್ಸೊಫೋನಿನಲ್ಲಿ ಸಿನಿಮಾ ಹಾಡು ಊದಿ ಬಂದವನು ಮನೆಯಲ್ಲಿ ಮೊಬೈಲು ಕಿವಿಗಿಟ್ಟು ಜಾಜ್ ಕೇಳುತ್ತಿದ್ದ. ಭೈರವಿ ರಾಗ ಹಿಡಿದು ಹೊರಟ ಸ್ಯಾಕ್ಸೊಫೋನು ನಡುದಾರಿಯಲ್ಲಿ ಜಾಜಿನ ಓಲಾಟಕ್ಕೆ ಬಿದ್ದು, ತಿರುಗಿ ಭೈರವಿಗೇ ಬರಬೇಕು. ಅದು ಮಾತಾಡುವಾಗ ಬ್ಯಾಂಡು ಸುಮ್ಮನೆ ತಾಳ ಎಣಿಸಬೇಕು. ಇದಕ್ಕೆ ಕನ್ಸರ್ಟೊ ಅನ್ನುತ್ತಾರೆ ಎಂದು ಮಗಳಿಗೆ ಹೇಳಿದ್ದ.

ಬರೆದು ಮುಗಿಸಿದ ಮೇಲೆ ಒಂದು ಭಾನುವಾರ ಹರಿಹರದ ಹೊಳೆದಂಡೆಯಲ್ಲಿ ಬ್ಯಾಂಡಿನವರನ್ನು ಕೂಡಿಸಿದ. ಬೆಳಗಿನಿಂದ ಕೂತು ಅವರು ತಮ್ಮ ಪಾಲು ಕಲಿತರು. ಹುಲಿಯಪ್ಪ ತನ್ನ ಪಾಲಿಗೆಂದು ವಾದ್ಯ ತುಟಿಗಿಡುವಷ್ಟರಲ್ಲಿ ನಾಗರಾಜಪ್ಪ ಎದ್ದರು.

“ನೀನೊಬ್ನೇ ಊದ್ತಿದ್ರೆ ನಾವೇನು ನೊಣ ಹೊಡೀಬೇಕೇನಪ್ಪ?”

ಎಲ್ಲರೂ ನಕ್ಕರು. ಹುಲಿಯಪ್ಪನೂ ನಕ್ಕು ವಾದ್ಯವನ್ನು ಪೆಟ್ಟಿಗೆಯಲ್ಲಿಟ್ಟ. ಮತ್ತೆಂದೂ ಅವರನ್ನು ಕರೆಯಲಿಲ್ಲ.

*

“ಅವತ್ತು ಕಲ್ತ ನಿಮ್ಮ ಪಾಲು ನಿಮಗೆ ಬರ್ತೈತೆ. ನುಡಿಸ್ರಿ,” ಎಂದಳು ಸುಧಾ.

“ಸ್ಯಾಕ್ಸೊಫೋನು ಊದೋನೇ ಇಲ್ಲಲ್ಲ ತಾಯಿ,” ಎಂದರು ನಾಗರಾಜಪ್ಪ.

“ನುಡಿಸ್ರಿ ಅಂದೆ.”

ಬ್ಯಾಂಡಿನ ಫಜಲುಲ್ಲಾ ಕ್ಲಾರಿನೆಟ್ ಎತ್ತಿದ. ಚಟ್ಟ ಹೊರಟಿತು. ಬ್ಯಾಂಡು ತಪ್ಪುತ್ತ, ತಡಕುತ್ತ ಭೈರವಿ ಹಿಡಿಯಿತು. ದೊಡ್ಡ ರಸ್ತೆಯ ತಿರುವಿಗೆ ಬರುವಾಗ ಸ್ಯಾಕ್ಸೊಫೋನಿನ ಸರದಿ ಬಂತು. ವಾದ್ಯಗಳು ನಿಂತವು. ನಾಗರಾಜಪ್ಪ ಅಭ್ಯಾಸಬಲದಿಂದ ಸಿನಿಮಾ ಹಾಡಿಗೆ ಕೈ ಎತ್ತಿದರು. ಸುಧಾ ಅಡ್ಡ ನಿಂತು ಅವರ ಮುಖದೆದುರು ಬುಕ್ಕು ಹಿಡಿದಳು.

“ತಾಳದ ಮೂವತ್ತೆರಡು ಆವರ್ತ ಅಪ್ಪನ ಪಾಲು. ಎಣಿಸ್ರಿ.”

“ನಡುದಾರ್ಯಾಗೆ ಹೆಣ ನಿಲ್ಲಿಸ್ಬಾರ್ದವ್ವಾ,” ಎಂದ ಚಟ್ಟ ಹೊತ್ತವನೊಬ್ಬ. “ಹೆಗಲು ಬಿದ್ದೋಗ್ತೈತೆ.”

“ಅಪ್ಪ ಇದನ್ನ ಹನ್ನೊಂದು ವರ್ಷ ಹೊತ್ತಾನೆ.”

ನಾಗರಾಜಪ್ಪ ಬೆರಳು ಮಡಚುತ್ತ ಎಣಿಸತೊಡಗಿದರು. ಹಿಂದೆ ಆಟೊಗಳು ಹಾರ್ನ್ ಹೊಡೆದವು. ಹದಿನೈದು ದಾಟುತ್ತಲೇ ಅವರ ಬೆರಳು ಅವಸರಿಸಿತು.

“ಓಡಿಸ್ಬ್ಯಾಡ್ರಿ,” ಎಂದಳು ಸುಧಾ. “ಮೊದಲಿಂದ.”

ಬಿಸಿಲು ಹೆಣದ ಮುಖಕ್ಕೆ ಬಿದ್ದಿತ್ತು. ಹೊತ್ತವರು ಹೆಗಲು ಬದಲಿಸಿದರು. ನಾಗರಾಜಪ್ಪ ಮತ್ತೆ ಮೊದಲನೆಯ ಬೆರಳು ಮಡಚಿದರು.