ಬೆಳಗಿನ ಗುಂಡ, ಸಂಜೆಯ ಗುಂಡ

ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಅವಳ ಮಾತು ಮೀರುವವರಿರಲಿಲ್ಲ. ಉಸಿರು ಬಿಗಿಹಿಡಿಯಿರಿ ಎಂದರೆ ಹಿಡಿಯುತ್ತಿದ್ದರು. ಅಲುಗಾಡಬೇಡಿ ಎಂದರೆ ಎಂಥ ಗಟ್ಟಿ ಆಸಾಮಿಯೂ ಕಲ್ಲಾಗುತ್ತಿದ್ದ. ಮನೆಗೆ ಬಂದರೆ ಮಾತ್ರ ಆ ಮಾತಿಗೆ ಮೂರು ಕಾಸಿನ ಬೆಲೆ ಇರಲಿಲ್ಲ. ಗಂಡ ಹೂಂಗುಟ್ಟಿ ಮರೆಯುತ್ತಿದ್ದ, ಅತ್ತೆ ಕೇಳಿಸಿದರೂ ಕೇಳಿಸದವರಂತಿರುತ್ತಿದ್ದರು. ಇನ್ನು ಗುಂಡನಂತೂ ನಾಯಿ.

ಗುಂಡನನ್ನು ತಂದವನು ಗಂಡನೇ. ಲಿಫ್ಟ್ ರಿಪೇರಿಗೆ ಹೋದ ಕಟ್ಟಡದಲ್ಲಿ ಯಾರೋ ಬಿಟ್ಟುಹೋಗಿದ್ದ ಮರಿಯನ್ನು ಸಾಮಾನಿನ ಚೀಲದಲ್ಲಿ ಹಾಕಿಕೊಂಡು ಬಂದಿದ್ದ. ವರ್ಷ ತುಂಬುವುದರೊಳಗೆ ಗುಂಡ ಕರುವಿನಷ್ಟು ಬೆಳೆದು, ಮೆಟ್ಟಿಲಲ್ಲಿ ಎದುರಾದವರ ಎದೆಯ ಮೇಲೆ ಕಾಲಿಡತೊಡಗಿದ. ಕೆಳಮನೆಯ ಮೇಷ್ಟ್ರು ಒಮ್ಮೆ ಹಾಲಿನ ಪಾತ್ರೆ ಸಮೇತ ಉರುಳಿದ ಮೇಲೆ, ಅವಳು ನಾಯಿ ಪಳಗಿಸುವ ಹೆಂಗಸೊಬ್ಬಳನ್ನು ಕರೆಸಿದಳು.

ಪಾಠಕ್ಕೆಂದು ಬೇರೆ ಹೊತ್ತು ಬೇಡ, ದಿನದ ಕೆಲಸದಲ್ಲೇ ಸೇರಿಸಿ ಎಂದಳು ಆಕೆ. ತಟ್ಟೆ ಇಡುವ ಮುನ್ನ ಕೂರಿಸಿ, ಬಾಗಿಲು ತೆಗೆಯುವ ಮುನ್ನ ಕಾಯಿಸಿ, ಬೀದಿಯಲ್ಲಿ ಹಗ್ಗ ಎಳೆದರೆ ನಿಂತುಬಿಡಿ, ಸಡಿಲವಾದ ಮೇಲೆ ಹೆಜ್ಜೆ ಹಾಕಿ. "ಆದ್ರೆ ಮನೆಯವ್ರೆಲ್ಲ ಒಂದೇ ಥರ ಮಾಡ್ಬೇಕಮ್ಮ," ಎಂದು ಬಾಗಿಲಲ್ಲಿ ನಿಂತು ಎಚ್ಚರಿಸಿದಳು. ಗಂಡನೂ ಅತ್ತೆಯೂ ತಲೆಯಾಡಿಸಿದರು. ತಲೆಯಾಡಿಸುವುದಕ್ಕೆ ಖರ್ಚೇನು?

ಮರುದಿನದಿಂದ ಅವಳ ಬೆಳಗುಗಳು ಹಾಳಾದವು. ಗುಂಡ ಎಳೆದ, ಅವಳು ನಿಂತಳು. ಸಡಿಲಿಸಿದ, ನಡೆದಳು. ಮತ್ತೆ ಎಳೆದ. ಪೇಪರ್ ಹಾಕುವವನು ಬೀದಿಯ ಆ ತುದಿ ಮುಟ್ಟಿ ತಿರುಗಿ ಬಂದರೂ ಅವಳು ಅದೇ ದೀಪದ ಕಂಬದ ಪಕ್ಕ ಇನ್ನೊಂದು ಕಂಬದಂತೆ ನಿಂತಿರುತ್ತಿದ್ದಳು. ಬಸ್ಸು ತಪ್ಪಿತು, ಆಸ್ಪತ್ರೆಯಲ್ಲಿ ಮೇಲಿನವರಿಂದ ಬೈಸಿಕೊಂಡಳು. ಆದರೂ ಹಟ ಬಿಡಲಿಲ್ಲ. ಬರಬರುತ್ತಾ ಗುಂಡ ಅವಳ ಮೊಣಕಾಲಿನ ಪಕ್ಕಕ್ಕೆ ಬಂದು ನಡೆಯತೊಡಗಿದ.

ಸಂಜೆ ಗಂಡನ ಸರದಿ. ದಿನವಿಡೀ ಮನೆಯೊಳಗೆ ಕೊಳೆತ ಜೀವ, ಸ್ವಲ್ಪ ಓಡಲಿ ಎಂದು ಅವನು ನಾಯಿಯ ಹಿಂದೆ ತಾನೇ ಓಡುತ್ತಿದ್ದ. ಅತ್ತೆ ಮೇಜಿನ ಕೆಳಗೆ ಕೈಬಿಟ್ಟು ತುತ್ತು ಉಣಿಸುತ್ತಿದ್ದರು. ಬೇಡವೆಂದರೆ, ಮೂಕಪ್ರಾಣಿಗೂ ಪರೇಡಾ ಎನ್ನುತ್ತಿದ್ದರು. ಬೆಳಗ್ಗೆ ತಾನು ಕಟ್ಟಿದ್ದನ್ನು ಸಂಜೆ ಇವರಿಬ್ಬರೂ ಸೇರಿ ಕೆಡವುತ್ತಾರೆಂದು ಅವಳ ಹೊಟ್ಟೆ ಉರಿಯುತ್ತಿತ್ತು. ಹೇಳಿ ಹೇಳಿ ಬಾಯಿ ನೋಯಿತೇ ಹೊರತು ಏನೂ ಬದಲಾಗಲಿಲ್ಲ.

ಅವಳಿಗೆ ಸಂಜೆ ಪಾಳಿಯಿದ್ದ ಒಂದು ದಿನ, ಎಕ್ಸ್‌ರೇ ಕೋಣೆಯ ಬಾಗಿಲು ತಳ್ಳಿಕೊಂಡು ಗಂಡ ಬಂದ. ಪ್ಯಾಂಟಿಗೆ ಮಣ್ಣು, ಬಲಗೈ ಎದೆಗೆ ಒತ್ತಿಕೊಂಡಿದ್ದ. ಬೆಕ್ಕು ಕಂಡು ಗುಂಡ ಜಿಗಿದನಂತೆ. ಹಗ್ಗ ಕೈಗೆ ಸುತ್ತಿಕೊಂಡಿದ್ದವನು ಫುಟ್‌ಪಾತಿನಿಂದ ರಸ್ತೆಗೆ ಬಿದ್ದನಂತೆ. ನಾಯಿಯನ್ನು ಹಿಡಿದು ಮನೆ ಮುಟ್ಟಿಸಿದವರು ಅದೇ ಮೇಷ್ಟ್ರು.

"ಬೈಬೇಡ," ಎಂದ.

"ಕೈ ಇಲ್ಲಿಡಿ. ಅಲುಗಾಡಬೇಡಿ," ಎಂದಳು ಅವಳು.

ಅಲುಗಾಡಲಿಲ್ಲ. ಮಣಿಕಟ್ಟಿನ ಮೂಳೆಯಲ್ಲಿ ಸಣ್ಣ ಬಿರುಕು ಕಂಡಿತು. ಕೈಗೆ ಪಟ್ಟಿ ಹಾಕಿಸಿಕೊಳ್ಳಲು ಅವನನ್ನು ಕಳಿಸಿ, ಮುಂದಿನವರನ್ನು ಕರೆದಳು.

ಸಂಜೆಯ ಸುತ್ತೂ ಅವಳ ಪಾಲಿಗೇ ಬಂತು. ತನ್ನ ಜೊತೆ ಹೇಗೂ ನೆಟ್ಟಗೆ ನಡೆಯುತ್ತಾನಲ್ಲ ಎಂದುಕೊಂಡು ಹೊರಟಳು. ಗೇಟು ದಾಟಿದ್ದೇ ತಡ, ಗುಂಡ ಅವಳ ಭುಜ ಕಿತ್ತುಬರುವಂತೆ ಎಳೆದ. ಅದೇ ಬೀದಿ, ಅದೇ ಹಗ್ಗ, ಅವಳೇ. ಆಗ ಹೊಳೆಯಿತು: ಗುಂಡ ಎರಡೂ ಪಾಠ ಕಲಿತಿದ್ದ. ಬೆಳಗ್ಗೆ ಪಕ್ಕದಲ್ಲಿ ನಡೆಯಬೇಕು, ಸಂಜೆ ಎಳೆಯಬೇಕು. ದಡ್ಡನಾಗಿದ್ದರೆ ಅವನನ್ನಾದರೂ ಬೈಯಬಹುದಿತ್ತು. ಈಗ ಯಾರನ್ನು ಬೈಯುವುದು?

ಮರುದಿನ ಸಂಜೆ ಗುಂಡನಿಗೆ ಎರಡು ಹಗ್ಗ ಕಟ್ಟಿದಳು. ಒಂದನ್ನು ತಾನು ಗಟ್ಟಿಯಾಗಿ ಹಿಡಿದು, ಇನ್ನೊಂದನ್ನು ಗಂಡನ ಎಡಗೈಗೆ ಕೊಟ್ಟಳು. ಕೈ ನೋವೆಂದ, ಟೀವಿಯಲ್ಲಿ ಪಂದ್ಯವಿದೆಯೆಂದ. ಅವಳು ಬಾಗಿಲು ತೆರೆದು ಹಿಡಿದಳು. ಬೇರೆ ದಾರಿಯಿಲ್ಲದೆ ಬಂದ.

ಎಳೆದಾಗ ನಿಂತರು, ಸಡಿಲವಾದಾಗ ನಡೆದರು. ಬ್ರೆಡ್ಡು ತರಬೇಕಿತ್ತು, ಅಂಗಡಿಯವನು ಎದುರಿಗೇ ಬಾಗಿಲೆಳೆದು ಬೀಗ ಹಾಕಿದ, ಇವರು ಇನ್ನೂ ನಾಲ್ಕು ಮನೆ ಈಚೆ ನಿಂತಿದ್ದರು.

"ದಿನಾ ಬೆಳಗ್ಗೆ ಹೀಗೇ ನಿಂತ್ಕೋತಿದ್ಯಾ?" ಎಂದ ಗಂಡ.

"ಹೂಂ."

"ನಂಗ್ಯಾಕೆ ಹೇಳ್ಲಿಲ್ಲ?"

ಅವಳು ಗಕ್ಕನೆ ಅವನತ್ತ ತಿರುಗಿದಳು. ಹೇಳಿದ್ದನ್ನೆಲ್ಲ ಅಲ್ಲೇ ಬಿಚ್ಚಿಡುತ್ತಿದ್ದಳೋ ಏನೋ, ಅಷ್ಟರಲ್ಲಿ ಗುಂಡ ತಿರುಗಿ ನೋಡಿದ. ಹಗ್ಗ ಜೋತುಬಿತ್ತು. "ಈಗ ನಡೀರಿ," ಎಂದಳಷ್ಟೆ.

ಬರಿಗೈಯಲ್ಲಿ ಮನೆಗೆ ಬಂದಾಗ ಅತ್ತೆ ಆಗಲೇ ನಾಯಿಯ ತಟ್ಟೆ ನೆಲಕ್ಕಿಡುತ್ತಿದ್ದರು. ಅವಳು ಬಾಯಿ ತೆರೆಯುವ ಮೊದಲೇ ಗಂಡ ಅಂದ, "ಅಮ್ಮ, ತಟ್ಟೆ ಎತ್ತು. ಮೊದ್ಲು ಅವ್ನು ಕೂರ್ಲಿ."

ಈ ಮನೆಯಲ್ಲಿ ನಾಯಿಗೂ ನೆಮ್ಮದಿಯ ಊಟವಿಲ್ಲ ಎಂದು ಗೊಣಗುತ್ತಾ ಅತ್ತೆ ತಟ್ಟೆ ಎತ್ತಿಕೊಂಡರು. ಗುಂಡ ಒಬ್ಬೊಬ್ಬರ ಮುಖವನ್ನೂ ನೋಡಿದ, ಬಾಲ ಆಡಿಸಿದ, ಕೂರಲಿಲ್ಲ. ಒಲೆಯ ಮೇಲಿದ್ದ ಅಡುಗೆ ಆರುತ್ತಿತ್ತು. ಮೂವರೂ ಅವನ ಸುತ್ತ ನಿಂತು ಕಾದರು.